ಎಡಗಾಲಿನ ಮೇಲಿನ ತಿರುವು

ಮೊದಲು ನೆನಪಾಗುವುದು ಸದ್ದು. ಗಟ್ಟಿ ಹಿಮದ ಮೇಲೆ ಸ್ಕೀಯ ಅಂಚು ಕೆರೆಯುವ ಸದ್ದು, ತುರಿಮಣೆಯ ಮೇಲೆ ಬಲಿತ ಕಾಯಿ ತುರಿದ ಹಾಗೆ. ಕರ್ರ್, ಒಂದು ಕ್ಷಣ ಏನೂ ಇಲ್ಲ, ಮತ್ತೆ ಕರ್ರ್. ಎಡಕ್ಕೊಂದು, ಬಲಕ್ಕೊಂದು. ನನ್ನ ಮುಂದೆ ಇಳಿಯುತ್ತಿದ್ದ ಅಕ್ಕನ ಸದ್ದು ಅದು. ಕಡಿದಾದ ಇಳಿಜಾರಿನಲ್ಲಿ ನಾನು ಅವರನ್ನು ನೋಡುತ್ತಿರಲಿಲ್ಲ. ಕಣ್ಣು ನನ್ನ ಕಾಲಿನ ಮುಂದಿನ ಹತ್ತು ಅಡಿಯಲ್ಲೇ ಇರುತ್ತಿತ್ತು, ಕಿವಿ ಮಾತ್ರ ಅವರ ಹಿಂದೆ ಹೋಗುತ್ತಿತ್ತು. ಆ ಎರಡು ಸದ್ದು ಸಮವಾಗಿ ಕೇಳುತ್ತಿರುವಷ್ಟು ಹೊತ್ತು ನನಗೆ ಭಯವಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಧಾರವಾಡದವರು, ನನಗಿಂತ ನಾಲ್ಕು ವರ್ಷ ದೊಡ್ಡವರು, ಹ್ಯೂಸ್ಟನ್‌ನ ಒಂದು ಆಸ್ಪತ್ರೆಯಲ್ಲಿ ಅನೆಸ್ತೀಶಿಯಾ ಡಾಕ್ಟರ್ ಆಗಿದ್ದರು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಕೊನೆಗೆ ಡಾಲಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ ಮಕ್ಕಳ ಡಾಕ್ಟರಾಗಿ ರಿಟೈರ್ ಆದವಳು. ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ಪರಿಚಯವಾಯಿತು. ನನಗಾಗ ನಲವತ್ತೊಂಬತ್ತು. ಹೋಳಿಗೆ ಬಡಿಸಿಕೊಳ್ಳುತ್ತಾ ಅಕ್ಕ ಕೇಳಿದರು, “ಸ್ಕೀ ಮಾಡ್ತಿ ಏನು?” ಇಲ್ಲ ಎಂದೆ. “ಹಂಗಾರ ಮುಂದಿನ ಮಾರ್ಚ್‌ನ್ಯಾಗ ಬಾ,” ಎಂದರು. ಇನ್ನೊಂದು ಹೋಳಿಗೆ ಹಾಕಿಸಿಕೊ ಎಂಬಷ್ಟು ಸಲೀಸಾಗಿ.

ಟೆಕ್ಸಸ್‌ನಲ್ಲಿ ಸ್ಕೀ ಎಂದರೆ ಜನ ನಗುತ್ತಾರೆ. ಪಕ್ಕದ ಮನೆಯವರು ಹಾಫ್ ಪ್ಯಾಂಟ್ ಹಾಕಿಕೊಂಡು ಹುಲ್ಲು ಕತ್ತರಿಸುತ್ತಿರುವಾಗ ನಾವು ಕಾರಿನ ಮೇಲೆ ಸ್ಕೀ ಕಟ್ಟುತ್ತಿದ್ದೆವು. ಅಕ್ಕ ಮತ್ತು ಅವರ ಯಜಮಾನರು ಹಿಂದಿನ ದಿನವೇ ಹ್ಯೂಸ್ಟನ್‌ನಿಂದ ನಮ್ಮಲ್ಲಿಗೆ ಬಂದಿರುತ್ತಿದ್ದರು. ಬೆಳಿಗ್ಗೆ ಐದಕ್ಕೆ ಹೊರಟರೆ ಅಮರಿಲ್ಲೋ ದಾಟಿ ಸಂಜೆಯೊಳಗೆ ನ್ಯೂ ಮೆಕ್ಸಿಕೋದ ಬೆಟ್ಟ. ಅಲ್ಲಿ ಒಂದು ಕ್ಯಾಬಿನ್, ಐದು ದಿನ. ಗಂಡಸರಿಬ್ಬರೂ ಒಲೆ ಪಕ್ಕ ಇಸ್ಪೀಟು ಹಿಡಿದು ಕೂರುತ್ತಿದ್ದರು. “ನನಗೆ ಡಬಲ್ ಬ್ಲ್ಯಾಕ್ ಅಂದ್ರೆ ಕಾಫಿ ಕಣೇ, ನೀವು ಹೋಗ್ಬನ್ನಿ,” ಎನ್ನುವುದು ನಮ್ಮವರ ಪ್ರತಿವರ್ಷದ ಜೋಕು.

ಸ್ಕೀ ದಾರಿಗಳಿಗೆ ಬಣ್ಣದ ಗುರುತು ಇರುತ್ತದೆ. ಹಸಿರು ಕಲಿಯುವವರಿಗೆ, ನೀಲಿ ನಡುವಿನವರಿಗೆ, ಕಪ್ಪು ಪಳಗಿದವರಿಗೆ. ಎರಡು ಕಪ್ಪು ವಜ್ರದ ಗುರುತಿದ್ದರೆ ಅದು ಡಬಲ್ ಬ್ಲ್ಯಾಕ್, ಅಲ್ಲಿ ತಪ್ಪಿ ಬಿದ್ದವರು ನಿಲ್ಲುವುದು ತಳದಲ್ಲೇ. ನಾನು ಹಸಿರಿನಿಂದ ಅಲ್ಲಿಗೆ ತಲುಪಲು ಆರು ವರ್ಷ ಹಿಡಿಯಿತು. ಡಾಲಸ್‌ನಲ್ಲಿ ಒಂದು ಕಡೆ, ಓರೆಯಾಗಿ ನಿಲ್ಲಿಸಿದ ದೊಡ್ಡ ಕಾರ್ಪೆಟ್ ಟ್ರೆಡ್‌ಮಿಲ್ ಹಾಗೆ ತಿರುಗುತ್ತಿರುತ್ತದೆ. ಅದರ ಮೇಲೆ ಶನಿವಾರಗಳಲ್ಲಿ ಪ್ರಾಕ್ಟೀಸ್ ಮಾಡಿದೆ. ಸ್ಕೀಯಲ್ಲಿ ಮಂಡಿಗಳ ನಡುವೆ ಅಂತರ ಬೇಕು; ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದ ‘ನೀಸ್ ಟುಗೆದರ್, ಗರ್ಲ್ಸ್’ ಅನ್ನು ಮರೆಯುವುದಕ್ಕೇ ಎರಡು ಸೀಸನ್ ಹೋಯಿತು. ಕಡಿದಾದಲ್ಲಿ ಇನ್ನೊಂದು ಪಾಠ. ಹೆದರಿ ಬೆಟ್ಟಕ್ಕೆ ಒರಗಿದರೆ ಸ್ಕೀ ಕಾಲಡಿಯಿಂದ ಜಾರಿಬಿಡುತ್ತದೆ. ಮೈಯನ್ನು ಕೆಳಗಿನ ಬಯಲಿನ ಕಡೆಗೇ ವಾಲಿಸಬೇಕು. ಮೈ ಒಪ್ಪುವುದಿಲ್ಲ, ಒಪ್ಪಿಸಬೇಕು.

ನಮ್ಮ ಇಳಿಜಾರಿಗೆ ಲಿಫ್ಟ್ ಇರಲಿಲ್ಲ. ಸ್ಕೀ ಹೆಗಲಿಗೇರಿಸಿ ಕಾಲು ಗಂಟೆ ಬೆಟ್ಟದ ಏಣು ಹತ್ತಬೇಕು. ಮೇಲೆ ನಿಂತರೆ ಎರಡು ಬಂಡೆಗಳ ನಡುವೆ ಒಂದು ಓಣಿ, ಅದರ ಆಚೆ ಕಾಣುವುದು ದೂರದ ಪೈನ್ ಮರಗಳ ತುದಿ ಮಾತ್ರ.

“ಏನವಾ ಕಾನ್ವೆಂಟ್ ಮೇಡಂ, ಇಳಿತಿ ಏನ, ಇಲ್ಲಾ ಇಲ್ಲೇ ಪ್ರೇಯರ್ ಮಾಡ್ಕೋತ ನಿಂದರ್ತಿ?”

“ಅಕ್ಕ, ಒಂದ್ನಿಮಿಷ ಇರಿ, ಗಾಗಲ್ಸ್ ಮಂಜಾಗಿದೆ.”

“ಮಂಜು ಗಾಗಲ್ಸ್‌ಗೆ ಬಂದದೋ ಎದಿಗೆ ಬಂದದೋ?” ಎಂದು ನಗುತ್ತಾ ಇಳಿದೇಬಿಡುತ್ತಿದ್ದರು. ಒಬ್ಬರೇ ಹೋಗಬಾರದೆಂದು ಅಲ್ಲಿ ಬೋರ್ಡ್ ಇತ್ತು. ಬೋರ್ಡ್ ಇರದಿದ್ದರೂ ಅವರ ಸದ್ದಿಲ್ಲದೆ ಅಲ್ಲಿ ಇಳಿಯುವ ಧೈರ್ಯ ನನಗೆ ಎಂದೂ ಇರಲಿಲ್ಲ.

ಅಕ್ಕ ಏಕಾದಶಿ ಬಿಡುತ್ತಿರಲಿಲ್ಲ. ನಿರ್ಜಲ, ಒಂದು ಹನಿ ನೀರೂ ಇಲ್ಲ, ಮರುದಿನ ದ್ವಾದಶಿ ಬೆಳಿಗ್ಗೆ ಪಾರಣೆ. ಹನ್ನೆರಡು ಸಾವಿರ ಅಡಿ ಎತ್ತರದಲ್ಲಿ ಬೇಡ ಎಂದು ನಾನು ಹೇಳಿದರೆ, “ಜೀವಮಾನಪೂರ್ತಿ ಪೇಶಂಟ್‌ಗೋಳ್ನ ಖಾಲಿ ಹೊಟ್ಟಿಲೆ ಇಟ್ಟಾಕಿ ನಾ, ನನಗ ಹೇಳ್ತೀಯಾ?” ಎನ್ನುತ್ತಿದ್ದರು.

ಅವರಿಗೆ ಅರವತ್ತೆಂಟು ಆದ ವರ್ಷ, ಏಕಾದಶಿಯ ದಿನವೇ, ಆ ಸದ್ದು ಕೆಟ್ಟಿತು. ಎಡಕ್ಕೆ ತಿರುಗುವಾಗ ಎಂದಿನಂತೆ ಕರ್ರ್. ಬಲಕ್ಕೆ ತಿರುಗುವಾಗ ಉದ್ದಕ್ಕೆ ಎಳೆದ ಹಾಗೆ, ಏನೋ ತೆವಳಿದ ಹಾಗೆ. ಬಲಕ್ಕೆ ತಿರುಗುವಾಗ ಭಾರ ಬೀಳುವುದು ಎಡಗಾಲಿನ ಮೇಲೆ. ಕೆಳಗೆ ಬಂದು ಪಾರ್ಕಿಂಗ್‌ಗೆ ನಡೆಯುವಾಗ ಹಿಂದಿನಿಂದ ನೋಡಿದೆ. ಬಲಗೈ ನಡಿಗೆಯ ಜೊತೆ ಬೀಸುತ್ತಿತ್ತು. ಎಡಗೈ ಪಕ್ಕೆಗೆ ಅಂಟಿಕೊಂಡಿತ್ತು.

ನಾನು ಮಕ್ಕಳ ಡಾಕ್ಟರ್ ನಿಜ. ಆದರೂ ಮೆಡಿಕಲ್ ಕಾಲೇಜಿನಲ್ಲಿ ಓದಿದ್ದು ಒಂದೊಂದು ಮರೆಯುವುದಿಲ್ಲ. ಒಂದು ಕಾಯಿಲೆಯ ಹೆಸರು ತಲೆಗೆ ಬಂತು. ಬಾಯಿಂದ ಬಂದದ್ದು ಬೇರೆ.

“ಉಪವಾಸ ಅಕ್ಕ. ಡೀಹೈಡ್ರೇಶನ್. ಇನ್ಮೇಲೆ ಏಕಾದಶಿ ದಿನ ಬೆಟ್ಟ ಬೇಡ.”

“ಹೌದವಾ,” ಎಂದರು ತಕ್ಷಣ. “ಅದೂ ಖರೇನ.”

ಇಬ್ಬರಿಗೂ ಹಗುರವಾಯಿತು. ನಮ್ಮ ಡಾಕ್ಟರ್ ಬಳಗದಲ್ಲಿ ಒಂದು ಪದ್ಧತಿ ಇದೆ. ಪಾಟ್‌ಲಕ್ ಊಟಗಳಲ್ಲಿ ಅಂಕಲ್‌ಗಳ ಬಿ.ಪಿ., ಆಂಟಿಗಳ ಮಂಡಿನೋವು ಎಲ್ಲಕ್ಕೂ ತಟ್ಟೆ ಹಿಡಿದುಕೊಂಡೇ ಸಲಹೆ ಕೊಡುತ್ತೇವೆ. ಆದರೆ ಇನ್ನೊಬ್ಬ ಡಾಕ್ಟರಲ್ಲಿ ಕಂಡದ್ದನ್ನು, ಅವರಾಗಿ ಕೇಳದೆ, ಹೇಳುವುದಿಲ್ಲ. ಮರ್ಯಾದೆ ಅನ್ನುತ್ತೇವೆ. ಆ ಇಡೀ ವರ್ಷ ಫೋನಿನಲ್ಲಿ ಮಾತಾಡಿದೆವು. ವಿಷಯ ಎತ್ತಲಿಲ್ಲ. ಅಕ್ಕನೂ ಕೇಳಲಿಲ್ಲ.

ಮರುವರ್ಷ ಅಕ್ಕನೇ ಪಂಚಾಂಗ ನೋಡಿ, ಏಕಾದಶಿ ಪ್ರಯಾಣದ ದಿನ ಬೀಳುವಂತೆ ಹೊಂದಿಸಿದರು. ಮರುದಿನ ದ್ವಾದಶಿ. ಕ್ಯಾಬಿನ್‌ನಲ್ಲಿ ಬೇಗನೆ ಪಾರಣೆ ಆಯಿತು. ನಾನೇ ಅನ್ನ ಸಾರು ಮಾಡಿ ಬಡಿಸಿದೆ. ನೀರು ಕುಡಿದರು, ಕಾಫಿ ಕುಡಿದರು. ನೀಲಿ ದಾರಿಯಲ್ಲಿ ಎರಡು ಸುತ್ತು ಚೆನ್ನಾಗಿಯೇ ಬಂದರು. “ನೋಡಿದ್ಯಾ, ಹೊಟ್ಟಿ ತುಂಬಿದ್ರ ಎಲ್ಲಾ ಸರಿ,” ಎಂದು ನನಗಿಂತ ಮೊದಲೇ ಏಣು ಹತ್ತಿದರು.

ಓಣಿಯಲ್ಲಿ ನಾಲ್ಕು ತಿರುವು ಇಳಿದಿದ್ದರು. ಐದನೆಯದು ಬಲಕ್ಕೆ. ಸದ್ದೇ ಬರಲಿಲ್ಲ. ತಲೆ ಎತ್ತಿದರೆ ಅಕ್ಕ ಅಡ್ಡಲಾಗಿ ನಿಂತಿದ್ದಾರೆ, ಕಂಬದ ಹಾಗೆ. ಎಡಗೈಯ ಕೋಲು ಜಾರಿ ಕೆಳಗೆ, ಕೆಳಗೆ ಹೋಗುತ್ತಿದೆ. ನಾನು ಪಕ್ಕಕ್ಕೆ ಜಾರಿಕೊಂಡು ಅವರಿಗಿಂತ ಕೆಳಗೆ ಹೋಗಿ ನಿಂತೆ.

“ಕಾಲು ಮಾತ ಕೇಳವಲ್ದು,” ಎಂದರು. ಮುಖ ಬಿಳಿಚಿತ್ತು.

“ನಿನ್ನೆ ಉಪವಾಸ ಅಲ್ವಾ ಅಕ್ಕ, ಸುಸ್ತು ಇನ್ನೂ—”

“ಮುಂಜಾನೆ ನೀನ ಬಡಿಸಿದಿ, ನೀನ ನೋಡಿದಿ.” ಅವರ ದನಿ ಏರಲಿಲ್ಲ. “ಉಪವಾಸದ ಮಾತು ಇನ್ನ ಬ್ಯಾಡ. ಈಗ ನನ್ನ ಕೆಳಗ ಇಳಸು.”

ಎಡಗಾಲನ್ನು ನಂಬುವಂತಿರಲಿಲ್ಲ. ಹಾಗಾಗಿ ಬಲಗಾಲು ಕೆಳಗಿರುವಂತೆ ಅಡ್ಡ ನಿಂತು, ತಿರುಗದೆ, ಅಂಚನ್ನು ಸ್ವಲ್ಪ ಸಡಿಲಿಸಿ ಜಾರುವುದು, ಬಿಗಿ ಮಾಡಿ ನಿಲ್ಲುವುದು. ನಾನು ಒಂದು ಮಾರು ಕೆಳಗೆ, ಅವರಿಗೆ ಎದುರಾಗಿ, ಅವರು ಬಿದ್ದರೆ ನನ್ನ ಮೇಲೇ ಬೀಳಲಿ ಎಂದು. ಮಗುವಿಗೆ ಇಂಜೆಕ್ಷನ್ ಕೊಡುವಾಗಿನ ದನಿಯಲ್ಲಿ ಹೇಳುತ್ತಿದ್ದೆ: “ಬಿಡಿ, ಬಿಡಿ, ಸಾಕು, ಹಿಡೀರಿ.” ಯಾವಾಗಲೂ ಎರಡು ನಿಮಿಷ ಹಿಡಿಯುತ್ತಿದ್ದ ಇಳಿಜಾರು ಅದು. ಅಂದು ಒಂದು ಗಂಟೆಯ ಮೇಲಾಯಿತು. ನಡುವೆ ಒಮ್ಮೆ ಇಬ್ಬರು ಹುಡುಗಿಯರು ನಮ್ಮ ಪಕ್ಕದಲ್ಲೇ ಹಾರಿ ಇಳಿದು, “ಯೂ ಲೇಡೀಸ್ ಓಕೆ?” ಎಂದು ಕೂಗಿದರು. ಅಕ್ಕ ಜೋರಾಗಿ, “ವಿ ಆರ್ ಎಂಜಾಯಿಂಗ್ ದ ವ್ಯೂ!” ಎಂದರು. ಆಮೇಲೆ ನನಗೆ, “ವ್ಯೂ ಅಂತ, ನಿನ್ನ ಮಾರಿ ಬಿಟ್ರ ಏನೂ ಕಾಣವಲ್ದು,” ಎಂದರು.

ತಳದಲ್ಲಿ ಹಿಮದ ಮೇಲೆ ಕೂತುಬಿಟ್ಟರು. ನಾನು ಅವರ ಬೂಟಿನ ಬಕಲ್ ಬಿಚ್ಚಿದೆ.

“ನಮ್ಮನಿಯವ್ರಿಗೆ ನಾನ ಹೇಳ್ತೀನಿ. ನೀ ಹೇಳಬ್ಯಾಡ.”

“ಆಗ್ಲಿ ಅಕ್ಕ.”

ಅವರು ಹೇಳಿದ್ದು ವಾಪಸು ಬರುವಾಗ, ಕಾರಿನಲ್ಲಿ, ನಾವೆಲ್ಲ ಕೇಳುವಂತೆ. ಹ್ಯೂಸ್ಟನ್‌ನಲ್ಲಿ ಪರೀಕ್ಷೆಗಳಾದವು. ನನ್ನ ತಲೆಗೆ ಬಂದಿದ್ದ ಹೆಸರೇ. ಪಾರ್ಕಿನ್‌ಸನ್ಸ್. ಅಕ್ಕ ಮತ್ತೆ ಬೆಟ್ಟಕ್ಕೆ ಬರಲಿಲ್ಲ. ನಾನು ಮೊಮ್ಮಕ್ಕಳ ಜೊತೆ ಎರಡು ವರ್ಷ ನೀಲಿ ದಾರಿಯಲ್ಲಿ ಇಳಿದೆ. ಆಮೇಲೆ ಅದನ್ನೂ ಬಿಟ್ಟೆ.

ನಾಲ್ಕೈದು ವರ್ಷಕ್ಕೆ ಅಕ್ಕ, ಅವರ ಯಜಮಾನರು ಇಬ್ಬರೂ ಆಸ್ಟಿನ್‌ನಲ್ಲಿದ್ದ ತಮ್ಮ ಮಗಳ ಮನೆಗೆ ಶಿಫ್ಟ್ ಆದರು. ನಾನು ವರ್ಷಕ್ಕೆ ಮೂರು ಸಲವಾದರೂ ಹೋಗುತ್ತಿದ್ದೆ. ಲೂಯಿಸ್‌ವಿಲ್‌ನಿಂದ ಮೂರೂವರೆ ಗಂಟೆಯ ಡ್ರೈವ್. ಒಂದು ಅಕ್ಟೋಬರ್ ಮಧ್ಯಾಹ್ನ ಇಬ್ಬರೇ ಹಿಂದಿನ ವರಾಂಡದಲ್ಲಿ ಕೂತಿದ್ದೆವು. ಮಾತ್ರೆ ಕೆಲಸ ಮಾಡುತ್ತಿದ್ದ ಹೊತ್ತು. ಮಾತು ಸ್ಪಷ್ಟವಾಗಿತ್ತು, ಚಹಾದ ಕಪ್ಪನ್ನು ತಾವೇ ಹಿಡಿದಿದ್ದರು.

“ಒಂದ ಕೇಳ್ತೀನಿ, ಖರೇ ಹೇಳು. ನಾ ಓಣ್ಯಾಗ ನಿಂತೆನಲ್ಲ, ಅದರ ಹಿಂದಿನ ವರ್ಷನ ನಿಂಗ ಗೊತ್ತಾಗಿತ್ತು, ಹೌದಿಲ್ಲೋ?”

“ಹೌದು ಅಕ್ಕ.”

“ಯಾಕ ಹೇಳಲಿಲ್ಲ?”

ಮರ್ಯಾದೆ ಎನ್ನಬಹುದಿತ್ತು. ಖಚಿತವಿರಲಿಲ್ಲ ಎನ್ನಬಹುದಿತ್ತು. “ಹೇಳಿದ್ರೆ ನೀವು ಮತ್ತೆ ಬರ್ತಿರಲಿಲ್ಲ,” ಎಂದೆ. “ನೀವಿಲ್ದೆ ನನಗೆ ಅಲ್ಲಿ ಇಳಿಯೋಕೆ ಆಗ್ತಿರಲಿಲ್ಲ. ಇನ್ನೊಂದು ವರ್ಷ ಬೇಕಿತ್ತು ನನಗೆ.”

ಅಕ್ಕ ನನ್ನ ಕಡೆ ತಿರುಗಿದರು. ಆ ಕಾಯಿಲೆಯಲ್ಲಿ ಮುಖ ಭಾವ ತೋರಿಸುವುದಿಲ್ಲ. ಸಿಟ್ಟೋ ಏನೋ ತಿಳಿಯಲಿಲ್ಲ.

“ಬಿದ್ದಿದ್ರ?”

“ಗೊತ್ತು ಅಕ್ಕ.”

“ಭಾರೀ ಇದ್ದೀ ನೀನು,” ಎಂದರು. ಇನ್ನೂ ಒಂದು ಗುಟುಕು ಚಹಾ ಕುಡಿದು, “ಹೋಗ್ಲಿ. ನಾನೂ ಎಲ್ಲಿ ಕೇಳಿದೆ ನಿನ್ನ,” ಎಂದರು.

ಮಗಳ ತೋಟ, ಈ ಸಲದ ಬಿಸಿಲು, ಇವುಗಳ ಬಗ್ಗೆ ಮಾತಾಯಿತು. ಮೂರೂವರೆಯ ಹೊತ್ತಿಗೆ ಅಕ್ಕ ಕಪ್ಪನ್ನು ಕೆಳಗಿಟ್ಟು, ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿದರು. ದನಿ ಸಣ್ಣಗಾಗತೊಡಗಿತ್ತು.

“ಹೊರಡವಾ. ಟ್ರಾಫಿಕ್ ಶುರು ಆಗ್ತದ.”

ಮಾತ್ರೆಯ ಬಲ ಇಳಿಯುತ್ತಿದೆ ಎಂದು ನನಗೆ ಗೊತ್ತಾಯಿತು. ಇನ್ನು ಹತ್ತು ನಿಮಿಷದಲ್ಲಿ ಅವರು ಕುರ್ಚಿಯಿಂದ ಏಳಲಾರರು, ಅದನ್ನು ನಾನು ನೋಡುವುದು ಅವರಿಗೆ ಬೇಡವಾಗಿತ್ತು. ಇರುತ್ತೇನೆ, ನನ್ನ ಮುಂದೆ ಏನು ಸಂಕೋಚ, ಎನ್ನಬಹುದಿತ್ತು. ಆಗಷ್ಟೇ ಅಷ್ಟು ಖರೇ ಹೇಳಿಕೊಂಡ ಮೇಲೂ ಅದೊಂದು ಹೇಳಲಾಗಲಿಲ್ಲ.

“ಹೌದಕ್ಕ, ಟ್ರಾಫಿಕ್,” ಎಂದು ಬ್ಯಾಗ್ ತೆಗೆದುಕೊಂಡು ಎದ್ದೆ.

ಗಾಜಿನ ಬಾಗಿಲಿನ ಆಚೆಯಿಂದ ಒಮ್ಮೆ ತಿರುಗಿ ನೋಡಿದೆ. ನಾನು ಹೋದೆನೆಂದುಕೊಂಡು ಅಕ್ಕ ಬಲಗೈಯಲ್ಲಿ ಎಡಮಂಡಿಯನ್ನು ಹಿಡಿದು, ಮುಂದಕ್ಕೆ ಬಾಗಿ, ಏಳುವ ಪ್ರಯತ್ನ ಮಾಡುತ್ತಿದ್ದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದೇ.