ಬೊಯಾಜಿಯೆವ್ ಮಂತ್ರಿಗಳು ಕುಡಿಯದ ನೀರು
ರಾಜಧಾನಿ ಸೋಫಿಯಾದಲ್ಲಿ ತೋಪು, ವಿಮಾನಗಳ ಉಸಾಬರಿಯೆಲ್ಲ ದೊಡ್ಡ ರಕ್ಷಣಾ ಮಂತ್ರಿಗಳದು. ಅವುಗಳ ಹಿಂದೆ ನಿಲ್ಲುವ ಸಿಪಾಯಿಗಳ ಉಸಾಬರಿ ಕಿರಿಯ ಮಂತ್ರಿ ಸ್ಪಾಸ್ ಬೊಯಾಜಿಯೆವ್ ಅವರದು. ಕವಾಯತು ಮೈದಾನದಲ್ಲಿ ಸಿಪಾಯಿ ಸೆಲ್ಯೂಟ್ ಹೊಡೆದರೆ ಇವರ ಕಣ್ಣು ಹೋಗುವುದು ಅವನ ಬೂಟಿಗೆ. "ಕಚ್ತಾ ಇದೆಯೇನೋ ಮರಿ?" ಎಂದು ಬಗ್ಗಿಯೇ ಬಿಡುತ್ತಾರೆ, ಹಿಂದಿರುವ ಜನರಲ್‌ಗಳೂ ವಿಧಿಯಿಲ್ಲದೆ ಬಗ್ಗುತ್ತಾರೆ. ಆಮೇಲೆ ನೇರ ಅಡುಗೆಮನೆಗೆ ನುಗ್ಗಿ ಬೀನ್ಸ್ ಕಾಳಿನ ಸಾರನ್ನು ಸೌಟಿನಿಂದಲೇ ಹೀರಿ ನೋಡಿ, "ಪುದೀನ ಹಾಕಿಲ್ವೇನಯ್ಯಾ? ಹುಡುಗ್ರಿಗೆ ಮನೆ ನೆನಪಾಗೋದೇ ಅದ್ರಿಂದ" ಎಂದು ನೊಂದುಕೊಳ್ಳುತ್ತಾರೆ. ಸಂಸತ್ತಿನಲ್ಲಿ ಚರ್ಚೆ ಕಾವೇರಿದಾಗ ಅವರು ಕಿಟಕಿಯಾಚೆಯ ಮೋಡಗಳ ಜೊತೆ ತೇಲುತ್ತ, ಗಡಿಯ ಯಾವುದೋ ಠಾಣೆಯಲ್ಲಿ ಒಗೆದುಹಾಕಿದ ಕಾಲುಚೀಲಗಳು ಇಷ್ಟೊತ್ತಿಗೆ ಒಣಗಿದವೋ ಇಲ್ಲವೋ ಎಂದು ಯೋಚಿಸುತ್ತಿರುತ್ತಾರೆ. ಕೋಟಿನ ಜೇಬಿನಲ್ಲಿ ಸದಾ ಒಂದು ನೀರಿನ ಬಾಟಲಿ. ಗಂಟಲು ಒಣಗಿದರೂ ಅದರಿಂದ ಕುಡಿಯುವುದಿಲ್ಲ. "ಒಂದು ಗುಟುಕು ಕುಡೀರಿ ಸಾಹೇಬ್ರೇ, ಇದಕ್ಕೂ ಸಂಪುಟದ ಒಪ್ಪಿಗೆ ಬೇಕಾ?" ಎಂದು ಡ್ರೈವರ್ ರುಮೆನ್ ಕಿಚಾಯಿಸುತ್ತಾನೆ. ಪರದೇಶಕ್ಕೆ ಪಡೆ ಹೊರಟ ದಿನ, ಲಾರಿಗಳು ಗೇಟು ದಾಟುತ್ತಿದ್ದಂತೆ, ಆ ನೀರನ್ನು ಅವರು ಹನಿಯೂ ಉಳಿಸದೆ ದಾರಿಗೆ ಚೆಲ್ಲುತ್ತಾರೆ. ಹೊರಟವರ ದಾರಿ ನೀರು ಹರಿದಷ್ಟು ಸಲೀಸಾಗಲಿ ಎಂದು ನಮ್ಮ ಸೋಫಿಯಾ ಕಡೆ ತಾಯಂದಿರೆಲ್ಲ ಚೆಲ್ಲುವುದು ಹೀಗೆಯೇ. ಬೊಯಾಜಿಯೆವ್ ಅವರ ಅಣ್ಣ ಮೆತೊದಿ ಸೈನ್ಯಕ್ಕೆ ಹೊರಟ ಬೆಳಿಗ್ಗೆಯೂ ತಾಯಿ ತಾಮ್ರದ ತಂಬಿಗೆ ಹಿಡಿದು ಬಾಗಿಲಿಗೆ ಬಂದಿದ್ದಳು. ಆದರೆ ಅಂದು ಊರಿಗೆ ನಲ್ಲಿ ನೀರು ಬಿಟ್ಟಿರಲಿಲ್ಲ. ಖಾಲಿ ತಂಬಿಗೆಯನ್ನೇ ಅವಳು ಬಗ್ಗಿಸಿದಳು. ಅಣ್ಣ ತಿರುಗಿ ನೋಡಿ ನಕ್ಕು ಆಡಿದ ಕೊನೆಯ ಮಾತು ಇವರ ಕಿವಿಯಲ್ಲಿ ಇನ್ನೂ ಇದೆ: "ನಾನು ವಾಪಸ್ ಬಂದ್ಮೇಲೆ ಚೆಲ್ಲುವಿಯಂತೆ, ಬಿಡಮ್ಮಾ."