ಪಾಳಿ ಬಿಟ್ಟುಕೊಟ್ಟ ದಿನ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಎದ್ದು ಹೋಗಿದ್ದೇನೆ. ಹೋದ ತಿಂಗಳು ನನಗೇ ಸ್ಕ್ಯಾನಿಂಗ್ ಇತ್ತು. ನೀರು ಕುಡಿದು ಮೂತ್ರ ತಡೆದುಕೊಂಡಿರಬೇಕೆಂದರು. ಕೂರಲಾಗದೆ, ನಿಲ್ಲಲಾಗದೆ ಒದ್ದಾಡಿದೆ. ಅಂದಿನಿಂದ ಹಳೆಯದೊಂದು ದಿನ ನೆನಪಾಗಿ ಮನೆಯಲ್ಲೂ ಒಂದೆಡೆ ಕೂರಲು ಆಗುತ್ತಿಲ್ಲ.

ಕೆಲವು ವರ್ಷಗಳ ಹಿಂದೆ ತಮ್ಮನ ಹೆಂಡತಿಯನ್ನು ಅಥಣಿಗೆ ಕರೆದೊಯ್ದಿದ್ದೆ. ಗರ್ಭಕೋಶದಲ್ಲಿ ಗಡ್ಡೆ ಇರಬಹುದೆಂದು ಡಾಕ್ಟರು ಸ್ಕ್ಯಾನಿಂಗ್ ಬರೆದಿದ್ದರು. ತಮ್ಮನ ಹೊಲಕ್ಕೆ ಅಂದೇ ಕಬ್ಬು ಕಡಿಯುವವರು ಬಂದಿದ್ದರು. ನಮ್ಮ ಜೈನರ ಮನೆಯ ರೂಢಿಯಂತೆ ಅವಳು ಕಾಸಿ ಸೋಸಿದ ನೀರನ್ನೇ ತಂದಿದ್ದಳು. ನರ್ಸ್ ಹೇಳಿದಂತೆ ಅಷ್ಟೂ ಕುಡಿದಳು. ಭಾವನ ಎದುರು ತಲೆಯ ಸೆರಗು ಸರಿಸದವಳು, ಬಚ್ಚಲಿಗೆ ಅವಸರವಾಗಿದೆ ಎಂದು ನನಗೆ ಹೇಗೆ ಹೇಳಿಯಾಳು? ಗೋಡೆ ನೋಡುತ್ತ ಮತ್ತೆ ಮತ್ತೆ ಕೇಳಿದಳು:

“ಭಾವಾರ, ನಮ್ಮ ಪಾಳಿ ಬಂತೇನ್ರಿ?”

“ಯಾಕವಾ, ಗಾಡಿ ತಪ್ಪತೈತೇನ?” ಎಂದೆ. ಬೆಂಚಿನವರು ನಕ್ಕರು. ನನಗೂ ಹಿತವಾಯಿತು.

ಅಷ್ಟರಲ್ಲಿ ಐನಾಪುರದ ವ್ಯಾಪಾರಿಯೊಬ್ಬರು ಹೆಂಡತಿಯೊಡನೆ ಬಂದರು. ಅವರ ಮಗನಿಗೆ ನನ್ನ ಮಗಳನ್ನು ಕೊಡುವ ಮಾತು ಆಗಷ್ಟೇ ಶುರುವಾಗಿತ್ತು. ನಮ್ಮ ಪಾಳಿ ಕೂಗಿದಾಗ ನಾನೇ ಎದ್ದು, ಮೊದಲು ನೀವೇ ಹೋಗಿ, ನಮಗೇನೂ ಗಡಿಬಿಡಿಯಿಲ್ಲ ಎಂದೆ. ಅವರ ಹೆಂಡತಿ ಒಳಗೆ ಹೋದರು.

ತಮ್ಮನ ಹೆಂಡತಿ ಗೋಡೆ ಹಿಡಿದು ಎದ್ದು ಬಚ್ಚಲಿನತ್ತ ನಡೆದಳು. ತಲುಪಲಿಲ್ಲ. ಸೀರೆ ತೊಯ್ದು ಫರಸಿ ನೆಲದ ಮೇಲೆ ಹರಿಯಿತು. ಆಗ ನಕ್ಕವರೆಲ್ಲ ಈಗ ಕಾಲು ಮೇಲೆತ್ತಿಕೊಂಡರು.

“ನಿಮ್ಮ ಮನಿಯವರೇನ್ರಿ?” ವ್ಯಾಪಾರಿ ನನ್ನನ್ನು ಕೇಳಿದರು.

“ಅಲ್ರಿ. ನಮ್ಮ ಊರವರು. ಕರಕೊಂಡ ಬಂದೇನಿ, ಅಷ್ಟ.”

ಅವಳಿಗೆ ಕೇಳಿಸಿತು. ಸೆರಗನ್ನು ಇನ್ನಷ್ಟು ಕೆಳಗೆಳೆದುಕೊಂಡಳು. ಮತ್ತೆ ನೀರು ಕುಡಿಯಲು ಒಪ್ಪಲಿಲ್ಲ. ಸ್ಕ್ಯಾನಿಂಗ್ ಆಗದೆ ಮರಳಿದೆವು. ಬಸ್ಸಿನಲ್ಲಿ ನಾನು ಮುಂದೆ ಹೋಗಿ ಕೂತೆ.

ಆಮೇಲೆ ಬಹಳ ಕಾಲ ಅವಳು ಆಸ್ಪತ್ರೆಯ ಮಾತೆತ್ತಲು ಬಿಡಲಿಲ್ಲ. ಮುಟ್ಟಿನ ರಕ್ತ ನಿಲ್ಲದೆ ಸುಸ್ತಾಗಿ ಬಿದ್ದ ಮೇಲೆ ತಮ್ಮನೇ ಕರೆದೊಯ್ದು ಆಪರೇಷನ್ ಮಾಡಿಸಿದ. ಉಳಿದಳು. ಅಂದು ಕೆಲಸ ಬಿಟ್ಟು ಅಥಣಿಗೆ ಹೋಗಿದ್ದೆನೆಂದು ತಮ್ಮ ಈಗಲೂ ನನ್ನ ಉಪಕಾರ ನೆನೆಯುತ್ತಾನೆ. ಅಂದರೆ ಅವಳು ಅವನಿಗೂ ಹೇಳಿಲ್ಲ.

ದಶಲಕ್ಷಣ ಪರ್ವ ಮುಗಿದಾಗ ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿದು ಕ್ಷಮೆ ಕೇಳುತ್ತೇವೆ. ನಾನು ಜಗಳವಾಡಿದ ದಾಯಾದಿಗಳನ್ನು ಕೇಳಿದ್ದೇನೆ, ಹೊಲದ ಆಳುಗಳನ್ನು ಕೇಳಿದ್ದೇನೆ. ಹೆಂಗಸರ ಸಾಲು ಹತ್ತಿರವಾದಾಗ ಚಪ್ಪಲಿ ಹುಡುಕುವ ನೆಪದಲ್ಲಿ ಹೊರಬೀಳುತ್ತೇನೆ. ಆ ಸಾಲಿನಲ್ಲಿ ನಿಂತಿರುತ್ತಾಳೆ, ನನ್ನ ತಮ್ಮನ ಹೆಂಡತಿ.