ಎರಡು ಕರ್ನಲ್, ಒಂದು ಕೌಂಟರ್

೧೯೮೯ರ ಬೇಸಿಗೆ, ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಸಾಗರದ ನಮ್ಮ ಅಡಿಕೆ ಮಂಡಿಯ ಕಂಪ್ಯೂಟರ್ ಕೋಣೆಯಲ್ಲಿ ಇದ್ದವರು ಅಧ್ಯಕ್ಷರು, ಶಿವಮೊಗ್ಗದಿಂದ ಬಂದ ಎಂಜಿನಿಯರ್, ಕೌಂಟರಿನ ಹಿರಿಯ ಗುಮಾಸ್ತರು ಮತ್ತು ಕಚೇರಿಯ ಮೇಲ್ವಿಚಾರಕನಾದ ನಾನು. ಎಲ್ಲರ ಚಪ್ಪಲಿಯೂ ಬಾಗಿಲಾಚೆ.

ಯಂತ್ರದೊಳಗೆ ಯಾವ ಕೆಲಸಕ್ಕೆ ಮೊದಲ ಸರದಿ ಎಂದು ನಿರ್ಧರಿಸುವ ಮೂಲ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರೆ. ಎಂಜಿನಿಯರ್ ಅದನ್ನು ಎರಡು ಬಗೆಯಾಗಿ ಹೊಂದಿಸಿ ತಂದಿದ್ದರು. ಒಂದರಲ್ಲಿ ಬಿಲ್ಲು ಅಚ್ಚು ಹಾಕುವ ಕೆಲಸ ಮುಂದೆ. ಕೀಲಿ ಒತ್ತಿದವರು ಕಾಯಬೇಕು. ಇನ್ನೊಂದರಲ್ಲಿ ಕೀಲಿ ಒತ್ತಿದವರು ಮುಂದೆ, ಬಿಲ್ಲು ಕಾಯಬೇಕು. ಅಂದು ಸಂಜೆಯೊಳಗೆ ಒಂದನ್ನು ಆರಿಸಬೇಕಿತ್ತು.

ಗುಮಾಸ್ತರಿಗೆ ಯಂತ್ರ ಒಗ್ಗದಿದ್ದರೆ ತೀರ್ಥಹಳ್ಳಿಯ ಗೋದಾಮಿಗೆ ಕಳಿಸುವುದೆಂದು ಮೊದಲೇ ತೀರ್ಮಾನವಾಗಿತ್ತು. ಅವರ ಹೆಂಡತಿ ಲಕ್ವ ಹೊಡೆದು ಸಾಗರದ ಮನೆಯಲ್ಲಿ ಮಲಗಿದ್ದರು. ಮಧ್ಯಾಹ್ನ ಹೋಗಿ ಗಂಜಿ ಕುಡಿಸಿ ಬರುವವರು ಇವರೊಬ್ಬರೇ.

ಮೊದಲು ಬಿಲ್ಲು ಮುಂದಾದ ಕರ್ನಲ್ ಹಾಕಿದೆವು. ಗುಮಾಸ್ತರದು ಕಾರ್ಬನ್ ಇಟ್ಟು ಮೂರು ಪ್ರತಿ ರಸೀದಿ ಬರೆದು ಪಳಗಿದ ಕೈ. ಅಕ್ಷರ ಕೆಳಗಿನ ಹಾಳೆಗೆ ಇಳಿದಿಲ್ಲ ಎಂದು ಅನುಮಾನ ಬಂದರೆ ಇನ್ನೂ ಬಲವಾಗಿ ಒತ್ತುವುದೇ ಆ ಕೈಗೆ ಗೊತ್ತು. ಬೆಳೆಗಾರರೊಬ್ಬರ ಹೆಸರು ಒತ್ತತೊಡಗಿದರೆ ಪರದೆಯ ಮೇಲೆ ಏನೂ ಮೂಡಲಿಲ್ಲ. ಅವರು ಬೆರಳು ಎತ್ತಲಿಲ್ಲ. ಆಮೇಲೆ ಒಂದೇ ಅಕ್ಷರ ಸಾಲುಸಾಲಾಗಿ ಸುರಿಯಿತು.

ಕಿಟಕಿಯಾಚೆ ನಿಂತಿದ್ದ ಆ ಬೆಳೆಗಾರರು ಇಣುಕಿದರು. "ನನ್ ಹೆಸ್ರಿಗೆ ಇಷ್ಟುದ್ದ ಬಾಲ ಯಾವಾಗ ಬಂತು ಮಾರಾಯ್ರೇ?"

"ಮೆಲ್ಲಗೆ ಮುಟ್ಟಿ ಬಿಡಿ ಯಜಮಾನ್ರೇ, ಅದರಡಿ ಕಾರ್ಬನ್ ಇಲ್ಲ," ಎಂದರು ಎಂಜಿನಿಯರ್.

"ಬಿಡ್ಬೇಕಂದ್ರೆ ಅಕ್ಷರ ಕಾಣ್ಬೇಕಲ್ಲ ಸಾರ್."

ಊಟದ ನಂತರ ಇನ್ನೊಂದು ಕರ್ನಲ್. ಒತ್ತಿದೊಡನೆ ಅಕ್ಷರ ಮೂಡಿತು, ಬೆರಳು ತಾನಾಗಿ ಎದ್ದಿತು. ಗುಮಾಸ್ತರ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೆ ಪ್ರಿಂಟರ್ ನಿಂತು ನಿಂತು ಓಡಿತು. ಹೊಸನಗರದ ಸಂಜೆ ಬಸ್ಸು ಹೊರಟಾಗ ಆ ಕಡೆಯ ಬೆಳೆಗಾರರು ಬಿಲ್ಲಿಗಾಗಿ ಇನ್ನೂ ಜಗಲಿಯಲ್ಲಿ ಕೂತಿದ್ದರು.

"ಹೆಸರೆಲ್ಲ ಬೆಳಿಗ್ಗೆಯೇ ಹೊಡೆಸಿ, ಆಮೇಲೆ ಬಿಲ್ಲು ತೆಗೆಯಬಹುದಲ್ಲ," ಎಂದೆ.

"ತೂಕ ಆದ್ಮೇಲೆ ತಾನೇ ಹೆಸ್ರು? ಗಾಡಿ ಸಂಜೆವರೆಗೂ ಬರ್ತಾವೆ," ಎಂದರು ಅಧ್ಯಕ್ಷರು. "ಕೀಲಿ ಒತ್ತೋಕೆ ಬೇರೆಯೋರು ಸಿಗ್ತಾರೆ. ಜಗಲೀಲಿ ಕೂತೋರಿಗೆ ಬೇರೆ ಬಸ್ ಎಲ್ಲಿಂದ ತರ್ಲಿ?"

ಜಗಲಿಯತ್ತ ನೋಡಿದೆ. ಎಂಜಿನಿಯರ್ ಮೊದಲಿನ ಕರ್ನಲ್ಲನ್ನೇ ಮತ್ತೆ ಹಾಕಿದರು.

ಅದೇ ಯಂತ್ರದಲ್ಲಿ ವರ್ಗಾವಣೆ ಆದೇಶ ಟೈಪು ಮಾಡಲು ಕೂತೆ. ಗುಮಾಸ್ತರು ಪಕ್ಕದಲ್ಲೇ ನಿಂತಿದ್ದರು.

"ತೀರ್ಥಳ್ಳಿಯಿಂದ ಮಧ್ಯಾಹ್ನ ಬಂದು ವಾಪಸ್ ಹೋಗೋಕೆ ಬಸ್ ಉಂಟಾ ಸಾರ್?"

"ಬರಬಹುದು. ವಾಪಸ್ ಹೋಗೋ ಹೊತ್ತಿಗೆ ಗೋದಾಮು ಮುಚ್ಚಿರುತ್ತೆ."

ಉಳಿದ ಬಿಲ್ಲುಗಳು ಅಚ್ಚಾಗುತ್ತಿದ್ದವು. ನಾನು ಒತ್ತಿದ ಅವರ ಹೆಸರು ಪರದೆಗೆ ಬರಲಿಲ್ಲ. ಬೆರಳೆತ್ತಿ ಕಾದೆ; ಒಂದೊಂದೇ ಅಕ್ಷರ ಬಂತು. ಬಿಲ್ಲುಗಳೆಲ್ಲ ಮುಗಿದ ಮೇಲೆ ಆದೇಶದ ಸರದಿ. ಒಂದು ಪ್ರತಿ ಅವರ ಕೈಗೆ ಕೊಟ್ಟು, ಯಂತ್ರಕ್ಕೆ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಹಾಕಿದೆ.